ಕೈಬಿಟ್ಟ ಆಯುಧ

1915ರಲ್ಲಿ ಮಸ್ಕಿಯ ಬಂಡೆಯ ಶಾಸನ ಚಿನ್ನದ ಗಣಿಯ ಎಂಜಿನಿಯರ್ ಬೀಡನ್‌ನ ಕಣ್ಣಿಗೆ ಬಿತ್ತು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದು ಅದರಿಂದ ದೃಢಪಟ್ಟಿತು. ವಿಲಿಯಂ ಮಿಲ್ಸ್ ರೂಪಿಸಿದ ಕೈಬಾಂಬು ಬ್ರಿಟಿಷ್ ಸೇನೆಗೆ ಬಂದದ್ದೂ ಅದೇ ವರ್ಷ. ಇದು ಕೇವಲ ಕಾಕತಾಳೀಯ. ಆದರೆ ಯುದ್ಧವನ್ನು ಕುರಿತು ಬರೆಯುವಾಗ ಮಸ್ಕಿಯನ್ನು ಕಳಿಂಗದ ಪಶ್ಚಾತ್ತಾಪಕ್ಕೆ ಸಾಕ್ಷಿ ಕರೆಯುವುದು ತಪ್ಪು. ಆ ಪಶ್ಚಾತ್ತಾಪವಿರುವುದು ಹದಿಮೂರನೆಯ ಶಿಲಾಶಾಸನದಲ್ಲಿ. ಧರ್ಮದಲ್ಲಿ ತೊಡಗಿದರೆ ಅಲ್ಪನೂ ಉನ್ನತಿಯನ್ನು ಪಡೆಯಬಲ್ಲ, ಅದು ದೊಡ್ಡವರಿಗಷ್ಟೇ ಮೀಸಲೆಂದು ಎಣಿಸಬಾರದು ಎಂಬುದು ಮಸ್ಕಿಯ ಮಾತು. ಯುದ್ಧದ ಹೊಣೆಯನ್ನೆಲ್ಲ ಅರಸನ ಮೇಲೆ ಹೊರಿಸಿ ಮುಗಿಸುವವರಿಗೆ ಇದು ಅನುಕೂಲದ ಮಾತಲ್ಲ. ಅಲ್ಪನಿಗೂ ಧರ್ಮವಿದ್ದರೆ ಅವನ ಕೈಯ ಆಯುಧವನ್ನೂ ವಿಚಾರಿಸಬೇಕಾಗುತ್ತದೆ. ಕೈಬಾಂಬು ಸಾಮಾನ್ಯ ಸಿಪಾಯಿಯ ಆಯುಧ.

ಸಿಪಾಯಿ ಅದರ ಸನ್ನೆಪಟ್ಟಿಯನ್ನು ಅಂಗೈಯಲ್ಲಿ ಒತ್ತಿ ಹಿಡಿದು ಪಿನ್ ಕೀಳುತ್ತಾನೆ. ಹಿಡಿತ ಬಿಗಿಯಾಗಿರುವವರೆಗೆ ಏನೂ ಆಗದು. ಎಸೆದೊಡನೆ ಪಟ್ಟಿ ಹಾರಿ, ಒಳಗಿನ ಮೊಳೆ ಬಡಿದು, ಬತ್ತಿ ಹೊತ್ತಿ, ಸುಮಾರು 4 ಸೆಕೆಂಡುಗಳಲ್ಲಿ ಕವಚ ಚೂರುಚೂರಾಗಿ ಸಿಡಿಯುತ್ತದೆ. ಗುಂಡು ನೇರವಾಗಿ ಹೋಗುವುದು. ಕಂದಕದ ತಿರುವಿಗೂ ಬಂಕರಿನ ಗೋಡೆಯಾಚೆಗೂ ತಲುಪುವುದು ಗ್ರೆನೇಡ್ ಮಾತ್ರ. 1999ರ ಜುಲೈಯಲ್ಲಿ ಟೈಗರ್ ಹಿಲ್‌ನ ಕಡಿದಾದ ಬಂಡೆಯನ್ನು ಹಗ್ಗ ಹಿಡಿದು ಏರಿದ, 19 ವರ್ಷದ ಗ್ರೆನೇಡಿಯರ್ ಯೋಗೇಂದ್ರ ಸಿಂಗ್ ಯಾದವ್ ಗುಂಡೇಟು ತಿಂದೂ ತೆವಳಿ ಹೋಗಿ ಬಂಕರಿಗೆ ಗ್ರೆನೇಡ್ ಎಸೆದರು. ಪರಮವೀರ ಚಕ್ರದ ಪ್ರಶಸ್ತಿಪತ್ರ ಸತ್ತವರು ನಾಲ್ವರೆಂದು ಹೇಳುತ್ತದೆ. ನಾವು ಆ ಕಥೆಯನ್ನು ಮರಳಿ ಹೇಳುವಾಗ ‘ಬಂಕರ್ ಧ್ವಂಸವಾಯಿತು’ ಎನ್ನುತ್ತೇವೆ. ಆ ಯುವಕನ ಧೈರ್ಯ ನಿರ್ವಿವಾದ. ನನ್ನ ಆಕ್ಷೇಪ ನಾಲ್ವರನ್ನು ಕಲ್ಲುಗೋಡೆಯಾಗಿಸುವ ನಮ್ಮ ಬರವಣಿಗೆಯ ಮೇಲೆ.

ಎಸೆದ ಆಯುಧದ ಪ್ರಸಂಗ ಪಂಪನ ಆದಿಪುರಾಣದಲ್ಲೂ ಇದೆ. ಸೈನ್ಯಗಳು ಸಾಯದಿರಲೆಂದು ಭರತ ಬಾಹುಬಲಿಗಳು ದೃಷ್ಟಿ, ಜಲ, ಮಲ್ಲಯುದ್ಧಗಳಿಗೆ ಒಪ್ಪಿದ್ದನ್ನು ವಿಮರ್ಶಕರು ಬಹುವಾಗಿ ಕೊಂಡಾಡುತ್ತಾರೆ. ಸೋತ ಭರತನು ಚಕ್ರವನ್ನು ಪ್ರಯೋಗಿಸಿದ್ದನ್ನು ಮಾತ್ರ, ಅದು ತಮ್ಮನನ್ನು ಕೊಲ್ಲದೆ ಪ್ರದಕ್ಷಿಣೆ ಬಂದು ನಿಂತಿತಲ್ಲ ಎಂಬ ಸಮಾಧಾನದಲ್ಲಿ ದಾಟಿಬಿಡುತ್ತಾರೆ. ದ್ರವ್ಯಹಿಂಸೆ ಅಲ್ಲಿ ನಡೆಯಲಿಲ್ಲ, ನಿಜ. ಆದರೆ ಭಾವಹಿಂಸೆ ಚಕ್ರ ಕೈಬಿಡುವ ಮೊದಲೇ ಪೂರ್ಣವಾಗಿತ್ತು. ಬಾಹುಬಲಿ ರಾಜ್ಯವನ್ನು ತೊರೆದದ್ದು ಗೆದ್ದ ಮೇಲೆ, ಅದನ್ನು ಕಂಡು. ಗ್ರೆನೇಡಿಗಾದರೋ ಬಂಧುವಿನ ಗುರುತೂ ಇಲ್ಲ.

2021ರಲ್ಲಿ ನಮ್ಮ ಸೇನೆಗೆ ಎರಡು ಬಗೆಯಲ್ಲಿ ಬಳಸಬಹುದಾದ ಹೊಸ ಗ್ರೆನೇಡ್ ಬಂದಿತು. ಚೂರುಗಳ ಕವಚ ತೊಡಿಸಿದರೆ ‘ರಕ್ಷಣಾತ್ಮಕ’, ತೆಗೆದರೆ ‘ಆಕ್ರಮಣಾತ್ಮಕ’. ಹೆಚ್ಚು ದೂರ ಕೊಲ್ಲುವುದು ರಕ್ಷಣಾತ್ಮಕವೆನಿಸಿದ್ದೇ! ಎಸೆಯುವವನು ಮರೆಯಲ್ಲಿದ್ದಾಗ ಚೂರುಗಳಿಂದ ಅವನಿಗೆ ಅಪಾಯವಿಲ್ಲ. ಬಯಲಿನಲ್ಲಿ ನುಗ್ಗುವವನಿಗೆ ಅಪಾಯವುಂಟು. ಹೆಸರಿನ ಅರ್ಥ ಇಷ್ಟೇ. ಶ್ರಾವಕನು ಪೂರ್ಣವಾಗಿ ಬಿಡಲಾರದ ವಿರೋಧಿ ಹಿಂಸೆಯ ಸಾಲಿಗೆ ಆ ಹೆಸರೊಂದನ್ನೇ ನೋಡಿ ಇದನ್ನು ಸೇರಿಸುವವರು, ಎಸೆಯುವವನ ಭಾವವನ್ನು ಬಿಟ್ಟು ಅವನು ನಿಂತ ಜಾಗವನ್ನು ವಿಚಾರಿಸುತ್ತಿದ್ದಾರೆ.