ಓತಿ ಹಿಂದುಳಿದಿಲ್ಲ

'ಕರ್ವಾಲೊ' ಎಷ್ಟು ಸಲ ಓದಿದೀನಿ ಅಂತ ಲೆಕ್ಕ ಇಟ್ಟಿಲ್ಲ. ಹೈಸ್ಕೂಲಿನಲ್ಲಿ ಒಂದ್ಸಲ, ಬಿಇ ಹಾಸ್ಟೆಲಿನಲ್ಲಿ ಪರೀಕ್ಷೆಯ ಹಿಂದಿನ ದಿನ ಒಂದ್ಸಲ, ಆಮೇಲೆ ಆಗಾಗ. ಹೋದ ತಿಂಗಳು ಧಾರವಾಡದ ಸುಭಾಸ ರೋಡಿನಲ್ಲಿ ಹೊಸ ಪ್ರತಿ ಕೊಂಡು ಮತ್ತೆ ಕೂತೆ. ಈ ಸಲ ಮಾತ್ರ ಅರ್ಧಕ್ಕೆ ಬರೋದರೊಳಗೆ ತೇಜಸ್ವಿಯವರ ಜೊತೆ ಮನಸ್ಸಿನಲ್ಲೇ ಜಗಳ ಶುರುವಾಯಿತು. ಪ್ರೀತಿ ಇರೋ ಕಡೆನೇ ಜಗಳ ಅನ್ನಿ.

ಜಗಳ ಇರೋದು ಓತಿಯ ಬಗ್ಗೆ. 1980ರಲ್ಲಿ ಬಂದ ಈ ಕಾದಂಬರಿಯಲ್ಲಿ ಮೂಡಿಗೆರೆ ಕಡೆಯ ಮಂದಣ್ಣ ಕಾಡಿನಲ್ಲಿ ಹಾರುವ ಓತಿಯನ್ನು ನೋಡಿರುತ್ತಾನೆ. ವಿಜ್ಞಾನಿ ಕರ್ವಾಲೊಗೆ ಅದು ಬರೀ ಓತಿ ಅಲ್ಲ, ಎಷ್ಟೋ ಯುಗಗಳ ಹಿಂದಿನಿಂದ ಬದಲಾಗದೆ ಉಳಿದುಬಂದ ಜೀವಿ. ಅದನ್ನು ಹುಡುಕಿಕೊಂಡು ಮಂದಣ್ಣ, ಪ್ಯಾರ, ಕರಿಯಪ್ಪ, ಪ್ರಭಾಕರ, ಯೆಂಗ್ಟ, ಕಿವಿ ಅನ್ನೋ ನಾಯಿ ಎಲ್ಲರೂ ಕಾಡು ಹೊಕ್ಕ ಮೇಲೆ ನಾವು ಪುಸ್ತಕ ಕೆಳಗಿಡೋದಿಲ್ಲ. ಕಾಲ ಅಂದರೆ ಏನು ಅಂತ ಮೊದಲ ಸಲ ಮೈ ಜುಮ್ಮೆನ್ನುವ ಹಾಗೆ ನನಗೆ ಗೊತ್ತಾಗಿದ್ದು ಈ ಪುಸ್ತಕದಿಂದ, ಪಿಯುಸಿಯ ಜೀವಶಾಸ್ತ್ರದಿಂದ ಅಲ್ಲ.

ಆದರೆ ಎರಡು ವರ್ಷದ ಹಿಂದೆ ಯಲ್ಲಾಪುರದ ಹತ್ತಿರ ಗೆಳೆಯನ ಅಡಿಕೆ ತೋಟದಲ್ಲಿ ಆ ಓತಿಯನ್ನು ಕಣ್ಣಾರೆ ನೋಡಿಬಿಟ್ಟೆ. ಹುಬ್ಬಳ್ಳಿಯಿಂದ ಬೆಳಿಗ್ಗೆ ಹೊರಟರೆ ನಾಷ್ಟಾ ಹೊತ್ತಿಗೆ ಮುಟ್ಟೋ ಊರು. ಅಡಿಕೆ ಮರದ ತೊಗಟೆಯ ಬಣ್ಣದ್ದೇ ಒಂದು ಪ್ರಾಣಿ, ಗಂಟಲ ಕೆಳಗೆ ಹಳದಿ ಚೀಲವನ್ನು ಆಡಿಸಿತು, ಪಕ್ಕೆಲುಬು ಬಿಚ್ಚಿತು, ಮುಂದಿನ ಮರಕ್ಕೆ ತೇಲಿ ಹೋಯಿತು. ನಾನು ಕುಣಿದಾಡಿದೆ. ಗೆಳೆಯನ ಅಪ್ಪ ಮಾತ್ರ ಕವಳ ಹಾಕುತ್ತಾ, "ಅದು ದಿನಾ ಇರ್ತದೆ. ಎಂತ ವಿಶೇಷ ಅದರಲ್ಲಿ?" ಅಂದರು.

ನಿಜವಾಗಿಯೂ ಅದು ದಿನಾ ಇರುವಂಥದ್ದೇ. ಡ್ರಾಕೊ ಡುಸುಮಿಯೇರಿ ಅನ್ನುವ ಹೆಸರು ಅದಕ್ಕೆ 1837ರಲ್ಲೇ ಬಿದ್ದಿದೆ. ಪಶ್ಚಿಮ ಘಟ್ಟದ ಕಾಡು, ಅಡಿಕೆ ತೋಟಗಳಲ್ಲಿ ಇರುವೆ ತಿಂದುಕೊಂಡು ಇರುತ್ತದೆ. ನಮ್ಮ ಹೊಲದ ಬೇಲಿಯ ಓತಿಕ್ಯಾತ ಇದೆಯಲ್ಲ, ನಾವು ಹುಡುಗರು ಕಲ್ಲು ಹೊಡೀತಿದ್ದದ್ದು, ಅದರದ್ದೇ ಕುಟುಂಬ. ಓತಿಕ್ಯಾತ ಎಷ್ಟು ಹಳೆಯದೋ ಇದೂ ಅಷ್ಟೇ ಹಳೆಯದು, ಅಷ್ಟೇ ಹೊಸದು.

ಪಕ್ಕೆಲುಬನ್ನು ರೆಕ್ಕೆ ಮಾಡಿಕೊಳ್ಳೋ ಉಪಾಯ ಮಾತ್ರ ಬಹಳ ಹಳೆಯದು. ಅಮೆರಿಕದ ನ್ಯೂಜೆರ್ಸಿಯ ಕಲ್ಲಿನ ಗಣಿಯೊಂದರಲ್ಲಿ ಇಕಾರೊಸಾರಸ್ ಅನ್ನೋ ತೇಲುವ ಸರೀಸೃಪದ ಪಳೆಯುಳಿಕೆ ಸಿಕ್ಕಿದೆ. ಅದರ ವಯಸ್ಸು ಸುಮಾರು 22 ಕೋಟಿ ವರ್ಷ. ಚೀನಾದಲ್ಲಿ ಸಿಕ್ಕ ಶಿಯಾಂಗ್‌ಲಾಂಗ್‌ಗೆ ಹನ್ನೆರಡು ಕೋಟಿ ವರ್ಷದ ಆಸುಪಾಸು. ನೋಡಲು ಯಲ್ಲಾಪುರದ ಓತಿಯ ಅಣ್ಣತಮ್ಮಂದಿರ ಹಾಗೆ ಕಂಡರೂ ಇವೆರಡೂ ಅದರ ಪೂರ್ವಜರಲ್ಲ. ಒಬ್ಬರ ಕೋಡ್ ಒಬ್ಬರು ನೋಡದೆ ಮೂರು ಕಡೆ ಮೂವರು ಒಂದೇ ಪ್ರೋಗ್ರಾಮ್ ಬರೆದ ಹಾಗೆ. ಉಪಾಯ ಹುಟ್ಟಿತು, ಅಳಿಯಿತು, ಬೇರೆ ಮನೆಯಲ್ಲಿ ಮತ್ತೆ ಹುಟ್ಟಿತು. ಯುಗಗಳಿಂದ ಬದಲಾಗದೆ ಕೂತ ಒಂದು ಓತಿಗಿಂತ ಇದು ನನಗೆ ದೊಡ್ಡ ವಿಸ್ಮಯ ಅನ್ನಿಸುತ್ತದೆ, ಕಾದಂಬರಿ ಇದನ್ನು ಕೈಬಿಟ್ಟಿದೆ.

"ಕತೆಗೆ ಇಷ್ಟೆಲ್ಲ ಲೆಕ್ಕ ಕೇಳ್ತಾರೇನಪಾ?" ಅಂತ ನೀವು ಕೇಳಬಹುದು. ಪ್ರಾಣಿಶಾಸ್ತ್ರದ ತಪ್ಪು ಅಷ್ಟೇ ಆಗಿದ್ದರೆ ನಾನೂ ಕೇಳುತ್ತಿರಲಿಲ್ಲ. ನನಗೆ ಚುಚ್ಚಿದ್ದು 'ಬದಲಾಗದೆ ಉಳಿದದ್ದು' ಅನ್ನೋ ಕಲ್ಪನೆ. ಅದು ಒಂದು ಏಣಿಯನ್ನು ಒಪ್ಪಿಕೊಂಡೇ ಬರುತ್ತದೆ: ಕೆಲವರು ಮೇಲೆ ಹತ್ತಿದರು, ಕೆಲವರು ಕೆಳಗಿನ ಮೆಟ್ಟಿಲಲ್ಲೇ ಕೂತರು. 'ವಿಕಾಸ' ಅನ್ನೋ ನಮ್ಮ ಶಬ್ದವೇ ಅರ್ಧ ಮೋಸ ಮಾಡುತ್ತದೆ, ಹೂವು ಅರಳಿದ ಹಾಗೆ, ಮುಂದಕ್ಕೇ ಹೋಗಬೇಕು ಅನ್ನೋ ಹಾಗೆ. ನಾನು ಮೊದಲು ಇದ್ದ ಒಂದು ಆಫೀಸಿನಲ್ಲಿ ಕೋಬಾಲ್ ಬರೆಯುತ್ತಿದ್ದ ಹಿರಿಯರೊಬ್ಬರನ್ನು ಬೆನ್ನ ಹಿಂದೆ 'ಡೈನೋಸಾರ್' ಅನ್ನುತ್ತಿದ್ದರು. ಅದೇ ಬಾಯಿಗಳು ಊಟದ ಹೊತ್ತಿಗೆ ನನ್ನನ್ನು, "ನಿಮ್ಮಪ್ಪ ಇನ್ನೂ ಎತ್ತಿನ ಗಳೆ ಹೊಡೀತಾರಾ? ಯಾವ ಕಾಲದಾಗ ಅದೀರಪಾ ನೀವು?" ಅಂತ ಕೇಳುತ್ತಿದ್ದವು. ನಾನೂ ನಗುತ್ತಿದ್ದೆ. ಅಪ್ಪ ಈಗ ಯಾವ ಕಾಲದಾಗ ಇರಬೇಕು? ಈಗಿನ ಕಾಲದಾಗನ ಅದಾನ, ಈ ವರ್ಷದ ಮಳೆ ನೋಡಿ ಈ ವರ್ಷದ ಬೀಜ ಹಾಕ್ತಾನ.

ಡೈನೋಸಾರುಗಳೂ ಸೋಮಾರಿಗಳಾಗಿ ಸಾಯಲಿಲ್ಲ. ಹದಿನಾರು ಕೋಟಿ ವರ್ಷ ಬಾಳಿ, 6.6 ಕೋಟಿ ವರ್ಷದ ಹಿಂದೆ ಆಕಾಶದಿಂದ ಬಿದ್ದ ಬಂಡೆಗೆ ಸಿಕ್ಕವು. ಅವುಗಳ ಒಂದು ಕವಲು ಹಕ್ಕಿಯಾಗಿ ನಮ್ಮ ಕಣದ ಕಾಳು ಆರಿಸುತ್ತಿದೆ. ಅಷ್ಟು ದೂರ ಯಾಕೆ, ನಮ್ಮ ಪಕ್ಕದ ಗೋಕಾಕದ ಹತ್ತಿರ ಘೇಂಡಾಮೃಗದ ಎಲುಬು ಸಿಕ್ಕಿ, ರಾಬರ್ಟ್ ಬ್ರೂಸ್ ಫೂಟ್ ಅದಕ್ಕೆ 1874ರಲ್ಲಿ 'ಡೆಕ್ಕನೆನ್ಸಿಸ್' ಅಂತ ಹೆಸರಿಟ್ಟ. ಧಾರವಾಡದ ಹೆಸರನ್ನು ಭೂವಿಜ್ಞಾನದ ಪುಸ್ತಕಗಳಿಗೆ ಸೇರಿಸಿದವನೂ ಅವನೇ. ಘಟಪ್ರಭೆ ಕಡೆ ಘೇಂಡಾಮೃಗ! ಕರದಂಟು ತರೋಕೆ ಹೋಗೋ ನಮ್ಮಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

ಹಾಗಾದರೆ 'ಕರ್ವಾಲೊ' ಸೋತಿತೇ? ಇಲ್ಲ, ಯಾಕಂದರೆ ಓತಿಯ ವಿಷಯದಲ್ಲಿ ಏಣಿ ಹಾಕಿದ ತೇಜಸ್ವಿ ಮನುಷ್ಯರ ವಿಷಯದಲ್ಲಿ ಅದನ್ನು ಒದ್ದು ಬೀಳಿಸುತ್ತಾರೆ. ಮಂದಣ್ಣ ಊರವರ ಕಣ್ಣಿಗೆ ಕೆಲಸಕ್ಕೆ ಬಾರದವನು, ಕಳ್ಳಭಟ್ಟಿ ಕೇಸಿನಲ್ಲಿ ಸಿಕ್ಕಿಬಿದ್ದವನು. ಕರ್ವಾಲೊಗೆ ಮಾತ್ರ ಅವನು ಹುಟ್ಟಾ ವಿಜ್ಞಾನಿ. ದಕ್ಷಿಣ ಆಫ್ರಿಕಾದಲ್ಲಿ 1938ರಲ್ಲಿ ಸೀಲಕಾಂತ್ ಮೀನು ಸಿಕ್ಕಾಗ ಜಗತ್ತು ಬೆರಗಾಯಿತು, ಎರಡನೆಯದನ್ನು ಹುಡುಕಲು 1952ರವರೆಗೆ ಬೇಕಾಯಿತು. ಅದು ಸಿಕ್ಕ ಕೊಮೊರೊ ದ್ವೀಪಗಳಲ್ಲಿ ನೋಡಿದರೆ ಬೆಸ್ತರು ಅದಕ್ಕೆ ಗೊಂಬೆಸ್ಸಾ ಅಂತ ಹೆಸರೇ ಇಟ್ಟುಕೊಂಡಿದ್ದರು! ಈ ಕತೆಯನ್ನು ಕನ್ನಡದಲ್ಲಿ ತೇಜಸ್ವಿಯವರ ಹಾಗೆ ಬರೆದವರು ನನಗೆ ಕಂಡಿಲ್ಲ.

ಒಂದು ಕೊರತೆ ಹೇಳಲೇಬೇಕು. ಓತಿ ಕೈಗೆ ಸಿಕ್ಕಿದ್ದರೆ ಅದಕ್ಕೆ ಯಾರ ಹೆಸರು ಬೀಳುತ್ತಿತ್ತು? ಇಕಾರೊಸಾರಸ್ ಅನ್ನು 1960ರಲ್ಲಿ ಕಂಡುಹಿಡಿದವನು ಆಲ್ಫ್ರೆಡ್ ಸೀಫ್ಕರ್ ಅನ್ನೋ ಹುಡುಗ, ಆರು ವರ್ಷದ ಮೇಲೆ ವಿಜ್ಞಾನಿ ಕೋಲ್ಬರ್ಟ್ ಅದಕ್ಕೆ 'ಸೀಫ್ಕರಿ' ಅಂತ ಅವನ ಹೆಸರನ್ನೇ ಇಟ್ಟ. ಮಂದಣ್ಣನಿಗೆ ಅಂಥದ್ದೊಂದು ಸಲ್ಲಬೇಕು ಅಂತ ಕಾದಂಬರಿ ನಮಗೆ ಅನ್ನಿಸುವಂತೆ ಮಾಡುತ್ತದೆ, ಬಾಯಿಬಿಟ್ಟು ಕೇಳುವುದಿಲ್ಲ.

ಕೊನೆಯ ಪುಟಗಳಲ್ಲಿ ಓತಿ ಎಲ್ಲರ ಕಣ್ಣೆದುರೇ ಕಣಿವೆಗೆ ತೇಲಿ ಮರೆಯಾಗುತ್ತದೆ. ಹಾಸ್ಟೆಲಿನಲ್ಲಿ ಓದಿದಾಗ ಅದು ಕಾಲದ ಆಚೆಗೇ ಹೋಯಿತು ಅನ್ನಿಸಿ ರಾತ್ರಿ ನಿದ್ದೆ ಬಂದಿರಲಿಲ್ಲ. ತೋಟದಲ್ಲಿ ನೋಡಿದ ಮೇಲೆ ಗೊತ್ತಾಗಿದೆ, ಅದು ಕೆಳಗಿನ ಯಾವುದೋ ಮರಕ್ಕೆ ಹೋಗಿ ಅಂಟಿಕೊಂಡು ಇರುವೆ ಹುಡುಕಲು ಶುರುಮಾಡಿರುತ್ತದೆ. ಯಾವ ಮರ ಅಂತ ಮಂದಣ್ಣನನ್ನು ಕೇಳಿದ್ದರೆ ಹೇಳುತ್ತಿದ್ದನೇನೋ.