ಸಮ ಚಿಹ್ನೆಯನ್ನು ಎಷ್ಟು ನಂಬಬಹುದು?

ಎರಡು ಸ್ಪ್ರೆಡ್‌ಶೀಟ್‌ಗಳ ವ್ಯತ್ಯಾಸ ಹುಡುಕಲು ಗಣಕ ಪಾಠಗಳಲ್ಲಿ ಮೊದಲು ಹೇಳಿಕೊಡುವ ಸೂತ್ರ =ಎ2=ಶೀಟ್2!ಎ2. ಉತ್ತರ 'ಟ್ರೂ' ಎಂದಾದರೆ ಎರಡೂ ಒಂದೇ, 'ಫಾಲ್ಸ್' ಎಂದಾದರೆ ಬೇರೆ. ಈ ಸೂತ್ರ ಎಲ್ಲಿ ಕೈಕೊಡುತ್ತದೆ ಎಂಬುದನ್ನು ಮಾತ್ರ ಸಾಮಾನ್ಯವಾಗಿ ಹೇಳುವುದಿಲ್ಲ. ನನ್ನ ಆಕ್ಷೇಪ ಇರುವುದು ಅಲ್ಲೇ.

ಅಂಕಪಟ್ಟಿಯನ್ನೇ ತೆಗೆದುಕೊಳ್ಳಿ. ಪರೀಕ್ಷೆಗೆ ಗೈರುಹಾಜರಾದ ವಿದ್ಯಾರ್ಥಿಯ ಕೋಶ ಒಂದು ಪಟ್ಟಿಯಲ್ಲಿ ಖಾಲಿ ಇದೆ, ಇನ್ನೊಂದರಲ್ಲಿ 0 ಇದೆ. ಎಕ್ಸೆಲ್ ಇವೆರಡನ್ನೂ ಸಮವೆನ್ನುತ್ತದೆ. ಪರೀಕ್ಷೆ ಬರೆಯದಿರುವುದೂ ಬರೆದು ಸೊನ್ನೆ ಪಡೆಯುವುದೂ ಒಂದೆಯೇ? 'ಎಕ್ಸಾಕ್ಟ್' ಸೂತ್ರ ಈ ಭೇದವನ್ನು ಗುರುತಿಸುತ್ತದೆ. ಆದರೆ ಪಠ್ಯವಾಗಿ ದಾಖಲಾದ 45ನ್ನೂ ಸಂಖ್ಯೆಯಾದ 45ನ್ನೂ ಅದು ಒಂದೇ ಎನ್ನುತ್ತದೆ. ಸಮ ಚಿಹ್ನೆ ಬೇರೆ ಎನ್ನುತ್ತದೆ. ನಡುವೆ ಒಂದು ಹೆಸರು ಸೇರಿತೆಂದರೆ ಕೆಳಗಿನ ಸಾಲುಗಳೆಲ್ಲ ಜಾರಿ, ಸರಿಯಿದ್ದವೂ ತಪ್ಪಾಗಿ ಕಾಣುತ್ತವೆ. ಆದ್ದರಿಂದ ಸಾಲಿನ ಸ್ಥಾನವನ್ನು ನಂಬದೆ, ನೋಂದಣಿ ಸಂಖ್ಯೆಯನ್ನು ಹಿಡಿದು 'ವಿಲುಕಪ್'ನಿಂದ ಹೋಲಿಸಿ. ಅದರ ನಾಲ್ಕನೆಯ ಪದವನ್ನು 'ಫಾಲ್ಸ್' ಎಂದೇ ಕೊಡಿ. ಬಿಟ್ಟರೆ ಅದು ಅಂದಾಜು ಹೊಂದಿಕೆಗೆ ತೃಪ್ತಿಪಡುತ್ತದೆ. ಹೋಲಿಕೆ ಎರಡೂ ದಿಕ್ಕಿನಲ್ಲಿ ನಡೆಯಲಿ. ಮೊದಲನೆಯದರಲ್ಲಿದ್ದು ಎರಡನೆಯದರಲ್ಲಿ ಇಲ್ಲದವರನ್ನು ಹುಡುಕಿದ ಮಾತ್ರಕ್ಕೆ ಎರಡನೆಯದರಲ್ಲಷ್ಟೇ ಇರುವವರು ಸಿಗುವುದಿಲ್ಲ.

ಪ್ರಯೋಗಾಲಯದ ಅಳತೆಗಳಲ್ಲಿ ತೊಡಕು ಇನ್ನೂ ಆಳವಾದದ್ದು. ದ್ವಿಮಾನ ಪದ್ಧತಿಯಲ್ಲಿ 0.1ನ್ನು ನಿಖರವಾಗಿ ಬರೆಯಲಾಗದು. =1*(0.5-0.4-0.1) ಎಂದು ಕೊಟ್ಟು ನೋಡಿ. ಬರುವುದು ಸೊನ್ನೆಯಲ್ಲ, ಸುಮಾರು -2.78×10⁻¹⁷. ಇಲ್ಲಿ ಕೇಳಬೇಕಾದ ಪ್ರಶ್ನೆ 'ಸಮವೇ?' ಎಂದಲ್ಲ, 'ವ್ಯತ್ಯಾಸ ಅಳತೆಯ ಅನಿಶ್ಚಿತತೆಯೊಳಗಿದೆಯೇ?' ಎಂದು. 'ಎಬಿಎಸ್' ಸೂತ್ರದಿಂದ ವ್ಯತ್ಯಾಸದ ಪರಿಮಾಣ ಪಡೆದು ಆ ಮಿತಿಯೊಂದಿಗೆ ಹೋಲಿಸಬೇಕು.

ಕೊನೆಯದಾಗಿ, ಬೆಲೆಗಳ ಹೋಲಿಕೆ ಸೂತ್ರಗಳ ಹೋಲಿಕೆಯಲ್ಲ. ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞರಾದ ರೈನ್‌ಹಾರ್ಟ್ ಮತ್ತು ರೋಗಾಫ್ 2010ರಲ್ಲಿ ಪ್ರಕಟಿಸಿದ ಸರ್ಕಾರಿ ಸಾಲದ ಅಧ್ಯಯನದಲ್ಲಿ, ಸರಾಸರಿಯ ಸೂತ್ರವು 20 ದೇಶಗಳ ಪೈಕಿ 5ನ್ನು ಬಿಟ್ಟುಬಿಟ್ಟಿತ್ತು. 2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಹರ್ಂಡನ್, ಆಶ್ ಮತ್ತು ಪೊಲಿನ್ ಮೂಲ ಕಡತವನ್ನು ತೆರೆದು ನೋಡಿದಾಗ ಇದು ಬಯಲಾಯಿತು. ಆ ಕಡತದ ಎರಡು ಪ್ರತಿಗಳನ್ನು ಹೋಲಿಸಿದ್ದರೆ ಎಲ್ಲೆಡೆ 'ಟ್ರೂ' ಎಂದೇ ಬರುತ್ತಿತ್ತು! ಎಕ್ಸೆಲ್ 2013ರಿಂದ ಇರುವ 'ಫಾರ್ಮುಲಾಟೆಕ್ಸ್ಟ್' ಕೋಶದೊಳಗಿನ ಸೂತ್ರವನ್ನೇ ಪಠ್ಯವಾಗಿ ಕೊಡುತ್ತದೆ. ಅದನ್ನೂ ಓದಿ ನೋಡಬೇಕು.

ಎರಡು ಪಟ್ಟಿಗಳು ಒಂದೇ ಆಗಿವೆ ಎಂದರೆ ಎರಡೂ ಸರಿಯಾಗಿವೆ ಎಂದು ಅರ್ಥವಲ್ಲ. ಸೂತ್ರ ಕಲಿಸುವ ದಿನವೇ ವಿದ್ಯಾರ್ಥಿಗಳಿಗೆ ಇದನ್ನೂ ಕಲಿಸಿ.