ಶೂನ್ಯದೊಳಗೆ ಏನಿತ್ತು?

ಭೌತವಿಜ್ಞಾನಿ ಲಾರೆನ್ಸ್ ಕ್ರಾಸ್ ಅವರ ‘ಎ ಯೂನಿವರ್ಸ್ ಫ್ರಮ್ ನಥಿಂಗ್’ 2012ರಲ್ಲಿ ಪ್ರಕಟವಾದಾಗ ಅದರ ಹೆಸರೇ ಒಂದು ಸವಾಲಿನಂತಿತ್ತು. ಏನೂ ಇಲ್ಲದ ಸ್ಥಿತಿಯಿಂದ ವಿಶ್ವ ಹುಟ್ಟಬಲ್ಲದು, ಅದಕ್ಕೆ ಸೃಷ್ಟಿಕರ್ತ ಬೇಕಿಲ್ಲ ಎಂಬುದು ಅದರ ವಾದ. ಓದಿ ಮುಗಿಸಿದ ಮೇಲೆ ಕಾಡುವುದು ಮಾತ್ರ ‘ನಥಿಂಗ್’ ಎಂಬ ಆ ಒಂದು ಪದ.

ಪುಸ್ತಕದ ಅತ್ಯುತ್ತಮ ಭಾಗ ಆದಿವಿಶ್ವದ ಕ್ವಾಂಟಮ್ ವಿದ್ಯಮಾನಗಳನ್ನು ಕುರಿತದ್ದು. ಕ್ವಾಂಟಮ್ ಸಿದ್ಧಾಂತದ ಪ್ರಕಾರ ಯಾವ ಕ್ಷೇತ್ರವೂ ಪೂರ್ತಿ ನಿಶ್ಚಲವಾಗಿರಲಾರದು. ಖಾಲಿ ಜಾಗದಲ್ಲೂ ಸಣ್ಣ ಏರಿಳಿತ ಇದ್ದೇ ಇರುತ್ತದೆ. ವಿಶ್ವ ತನ್ನ ಮೊದಲ ಸೆಕೆಂಡಿನ ಅತ್ಯಲ್ಪ ಭಾಗದಲ್ಲಿ ಅಗಾಧ ವೇಗದಲ್ಲಿ ಹಿಗ್ಗಿತು ಎನ್ನುತ್ತದೆ ಇನ್‌ಫ್ಲೇಶನ್ ಸಿದ್ಧಾಂತ. ಪರಮಾಣುವಿಗಿಂತ ಎಷ್ಟೋ ಚಿಕ್ಕದಾಗಿದ್ದ ಆ ಏರಿಳಿತಗಳೂ ಜೊತೆಗೆ ಹಿಗ್ಗಿ, ಮುಂದೆ ಗೆಲಾಕ್ಸಿಗಳಿಗೆ ಬೀಜವಾದವು. ವಿಶ್ವಕ್ಕೆ ಸುಮಾರು 3,80,000 ವರ್ಷ ವಯಸ್ಸಾಗಿದ್ದಾಗ ಹೊರಟ ಬೆಳಕು ಇಂದು 2.7 ಕೆಲ್ವಿನ್ ಉಷ್ಣತೆಯ ಮೈಕ್ರೋವೇವ್ ವಿಕಿರಣವಾಗಿ ನಮ್ಮನ್ನು ತಲುಪುತ್ತಿದೆ. ಅದರಲ್ಲಿ ಲಕ್ಷದಲ್ಲೊಂದು ಪಾಲಿನಷ್ಟು ವ್ಯತ್ಯಾಸಗಳಿವೆ ಎಂಬುದನ್ನು ‘ಕೋಬಿ’ ಉಪಗ್ರಹದ ಅಳತೆಗಳು 1992ರಲ್ಲಿ ತೋರಿಸಿದವು. ಇನ್‌ಫ್ಲೇಶನ್ ಇನ್ನೂ ಅಂತಿಮವಾಗಿ ಸಾಬೀತಾಗಿಲ್ಲ. ಆದರೂ ಆ ವ್ಯತ್ಯಾಸಗಳ ವಿನ್ಯಾಸ ಅದರ ಲೆಕ್ಕಾಚಾರಕ್ಕೆ ಹೊಂದುತ್ತದೆ. ಇಲ್ಲಿ ಕ್ರಾಸ್ ಅವರ ಬರಹಕ್ಕೆ ಅಳತೆಯ ಬಲವಿದೆ.

ತೊಡಕು ಶುರುವಾಗುವುದು ಆಮೇಲೆ. ಮೊದಲು ‘ನಥಿಂಗ್’ ಎಂದರೆ ಖಾಲಿ ಜಾಗ. ಮುಂದೆ ದೇಶಕಾಲಗಳೂ ಇಲ್ಲದ ಸ್ಥಿತಿ. ಕೊನೆಗೆ ನಿಯಮಗಳೂ ನಿಶ್ಚಿತವಲ್ಲದ ಸ್ಥಿತಿ. ಪದ ಒಂದೇ, ಅರ್ಥ ಮೂರು. ಮೊದಲನೆಯದರ ಬಗ್ಗೆ ಅಳತೆಗಳಿಂದ ಹುಟ್ಟಿದ ವಿಶ್ವಾಸ ಉಳಿದೆರಡಕ್ಕೂ ಸದ್ದಿಲ್ಲದೆ ದಾಟಿಕೊಳ್ಳುತ್ತದೆ. ತತ್ವಶಾಸ್ತ್ರಜ್ಞ ಡೇವಿಡ್ ಆಲ್ಬರ್ಟ್ ಅದೇ ವರ್ಷ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಎತ್ತಿದ ಆಕ್ಷೇಪ ಇದಕ್ಕೆ ಹತ್ತಿರದ್ದು: ಕಣಗಳಿಲ್ಲದ ಸ್ಥಿತಿಯಲ್ಲೂ ಕ್ಷೇತ್ರಗಳು ಇದ್ದೇ ಇರುತ್ತವೆ, ಆ ಕ್ಷೇತ್ರಗಳು, ಆ ನಿಯಮಗಳು ಎಲ್ಲಿಂದ ಬಂದವು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ವಿಜ್ಞಾನ ಬೆಳೆದಂತೆ ಪದಗಳ ಅರ್ಥ ಬದಲಾಗುತ್ತದೆ ಎಂಬ ಕ್ರಾಸ್ ಅವರ ಸಮರ್ಥನೆಯನ್ನು ಒಪ್ಪೋಣ. ಆದರೆ ಅರ್ಥ ಬದಲಾದ ಮಾತ್ರಕ್ಕೆ ಹಳೆಯ ಪ್ರಶ್ನೆಗೆ ಉತ್ತರ ಸಿಕ್ಕಿತೆನ್ನಲಾಗದು.

ಕನ್ನಡದಲ್ಲಿ ವಿಜ್ಞಾನ ಬರೆಯುವವರಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ‘ಶೂನ್ಯ’ ನಮ್ಮಲ್ಲಿ ಗಣಿತದ ಸೊನ್ನೆಯೂ ಹೌದು, ಅಲ್ಲಮನ ದರ್ಶನವೂ ಹೌದು. ಕ್ವಾಂಟಮ್ ನಿರ್ವಾತಕ್ಕೂ ಅದೇ ಪದ ಬಳಸಿದರೆ ವಾಕ್ಯಕ್ಕೆ ಗಾಂಭೀರ್ಯ ಬರುತ್ತದೆ; ‘ನಮ್ಮವರಿಗೆ ಇದೆಲ್ಲ ಮೊದಲೇ ಗೊತ್ತಿತ್ತು’ ಎಂಬ ಹಮ್ಮೂ ಬರುತ್ತದೆ. ಭೌತವಿಜ್ಞಾನವಾಗಲಿ ವಚನವಾಗಲಿ ಅದರಿಂದ ಸ್ಪಷ್ಟವಾಗುವುದಿಲ್ಲ. ‘ಕಣಗಳಿಲ್ಲದ, ಆದರೆ ಕ್ಷೇತ್ರಗಳಿರುವ ಜಾಗ’ ಎಂದು ತುಸು ಉದ್ದವಾಗಿಯೇ ಬರೆಯುವುದು ಲೇಸು.